ಜಾತ್ರೆಯ ಡೇರೆಯೂ ಶಾಲೆಯ ಕನ್ನಡಿಯೂ

ವಿಜ್ಞಾನದ ಪತ್ರಿಕೆಯಲ್ಲಿ ಜಾತ್ರೆಯ ವಿಚಾರವೇ ಎಂದು ವಾಚಕರಲ್ಲಿ ಕೆಲವರು ಹುಬ್ಬೇರಿಸಬಹುದು. ಆದರೆ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಯಲ್ಲಿ ಬೆಳೆದ ನಮ್ಮ ತಲೆಮಾರಿನ ಅನೇಕರಿಗೆ ಬೆಳಕು, ಕನ್ನಡಿ, ಕತ್ತಲೆ, ಭ್ರಮೆ ಇವುಗಳ ಮೊದಲ ಪಾಠವಾದುದು ಶಾಲೆಯ ಕೊಠಡಿಯಲ್ಲಲ್ಲ, ಜಾತ್ರೆಯ ಡೇರೆಯಲ್ಲಿ. ಆ ಪಾಠವು ಅರ್ಧಕ್ಕೇ ನಿಂತುಹೋಯಿತೆಂಬುದು ನಮ್ಮ ದೂರು. ಜಾತ್ರೆಯ ಮಾಯಾ ಡೇರೆಗಳನ್ನು ಕುರಿತು ಇಂದು ಎರಡು ಬಗೆಯ ಮಾತು ಕೇಳಿಬರುತ್ತದೆ. ಅವು ಜನರ ಮೌಢ್ಯವನ್ನು ಬೆಳೆಸುತ್ತವೆ, ಅವನ್ನು ಕಿತ್ತೊಗೆಯಬೇಕು ಎನ್ನುವವರು ಒಂದು ಕಡೆ. ಮಕ್ಕಳ ವಿನೋದಕ್ಕೆ ಇಷ್ಟೆಲ್ಲ ತಲೆಕೆಡಿಸಿಕೊಳ್ಳುವುದೇಕೆ ಎನ್ನುವವರು ಮತ್ತೊಂದು ಕಡೆ. ಈ ಎರಡು ಮಾತೂ ನಮಗೆ ಒಪ್ಪಿಗೆಯಾಗಿಲ್ಲ.

ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ ಬರುತ್ತದೆ. ದೇವಿಗೆ ಅಲ್ಲಿ ತವರುಮನೆ ಬೇರೆ, ಗಂಡನ ಮನೆ ಬೇರೆ. ಒಂದರಿಂದ ಇನ್ನೊಂದಕ್ಕೆ ಆಕೆ ಹೊರಡುವ ರಾತ್ರಿ ಪೇಟೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ತೀರ್ಥಹಳ್ಳಿಯಲ್ಲಿ ತುಂಗೆಯ ದಡದ ರಾಮೇಶ್ವರನಿಗೆ ಎಳ್ಳಮಾವಾಸ್ಯೆಯ ಜಾತ್ರೆ. ಹೊಸನಗರದ ಕಡೆಯವರಿಗೆ ಹುಂಚದ ಪದ್ಮಾವತಿಯ ರಥೋತ್ಸವ. ಎಳ್ಳಮಾವಾಸ್ಯೆಯೆಂದರೆ ಅಡಕೆ ಕೊಯ್ಲಿನ ಕಾಲವೂ ಹೌದು. ರಾತ್ರಿ ಅಡಕೆ ಸುಲಿದು ಸಂಪಾದಿಸಿದ ಚಿಲ್ಲರೆ ಕಾಸು ನಮ್ಮ ಚಡ್ಡಿಯ ಜೇಬಿನಲ್ಲಿ ಝಣಗುಟ್ಟುತ್ತಿತ್ತು. ಆ ಕಾಸಿಗೆ ಹಕ್ಕುದಾರರು ಬಹಳ. ಮಂಡಕ್ಕಿ, ಬೆಂಡು ಬತ್ತಾಸು, ತಿರುಗುವ ತೊಟ್ಟಿಲು, ಮರದ ಕುದುರೆ, ಮರಣದ ಬಾವಿಯ ಮೋಟಾರು ಸೈಕಲ್ಲು (ಇದರ ಗಣಿತವೇ ಬೇರೊಂದು ಲೇಖನಕ್ಕೆ ಸಾಕಾಗುವಷ್ಟಿದೆ). ಇವೆಲ್ಲ ಬಯಲಿನಲ್ಲಿ ಕಾಣುವ ಸಂಗತಿಗಳು. ನಮ್ಮನ್ನು ನಿಜವಾಗಿ ಸೆಳೆದವು ಬಾಗಿಲಿಗೆ ಪರದೆ ಇಳಿಬಿಟ್ಟ ಡೇರೆಗಳು. ಒಳಗೇನಿದೆಯೆಂದು ಹೊರಗಿನ ಚಿತ್ರ ಅರ್ಧ ಹೇಳುತ್ತಿತ್ತು. ತಗಡಿನ ಕಹಳೆ ಹಿಡಿದು ಕೂಗುವವನು ಇನ್ನರ್ಧ ಹೇಳುತ್ತಿದ್ದನು. ಇಬ್ಬರೂ ಹೇಳಿದುದರಲ್ಲಿ ನಿಜವೆಷ್ಟೆಂದು ತಿಳಿಯಬೇಕಾದರೆ ಕಾಸು ಬಿಚ್ಚಬೇಕಾಗಿತ್ತು.

ಮೊದಲನೆಯದು ಕನ್ನಡಿಗಳ ಡೇರೆ. ಅದರಲ್ಲಿ ಏಳೆಂಟು ಆಳೆತ್ತರದ ಕನ್ನಡಿಗಳು. ಒಂದರಲ್ಲಿ ನಾವು ಅಡಕೆ ಮರದಂತೆ ಸಪೂರ. ಮುಂದಿನದರಲ್ಲಿ ಭತ್ತದ ಪಣತದಂತೆ ಗುಂಡಗೆ. ಮತ್ತೊಂದರಲ್ಲಿ ತಲೆ ದೊಡ್ಡದು, ಹೊಟ್ಟೆಯೇ ಇಲ್ಲ. ಊರಿನ ದೊಡ್ಡ ಯಜಮಾನರೊಬ್ಬರು ಜರಿಯ ಪೇಟ ಸುತ್ತಿಕೊಂಡು ಅದರ ಮುಂದೆ ನಿಂತು, ತಮ್ಮ ಕಾಲು ಗೇಣುದ್ದವಾದುದನ್ನು ಕಂಡು ಮಕ್ಕಳಿಗಿಂತ ಜೋರಾಗಿ ನಕ್ಕರು. ಮೇಲಿನಿಂದ ಕೆಳಕ್ಕೆ ನೇರವಾಗಿದ್ದು ಅಡ್ಡಲಾಗಿ ಮಾತ್ರ ಹೊರಕ್ಕೆ ಉಬ್ಬಿದ ಕನ್ನಡಿಯು ಬಿಂಬದ ಅಗಲವನ್ನು ಕುಗ್ಗಿಸುತ್ತದೆ, ಎತ್ತರವನ್ನು ಮುಟ್ಟುವುದಿಲ್ಲ. ಆದುದರಿಂದ ನಾವು ಸಪೂರ. ಅದನ್ನೇ ಅಡ್ಡಕ್ಕೆ ಮಲಗಿಸಿದರೆ ಎತ್ತರ ಕುಗ್ಗಿ ಅಗಲ ಉಳಿಯುತ್ತದೆ, ಆಗ ಕುಳ್ಳು. ಒಳಕ್ಕೆ ತಗ್ಗಾದ ಕನ್ನಡಿಗೆ, ಅದರ ಸಂಗಮದೂರದೊಳಗೆ ನಿಂತಾಗ, ಹಿಗ್ಗಿಸುವ ಗುಣ. ಹೊಸ ಸೌಟಿನ ಬೆನ್ನು ಹೊಟ್ಟೆಗಳನ್ನು ನೋಡಿಕೊಂಡವರಿಗೆ ಇದರಲ್ಲಿ ಹೊಸತೇನೂ ಇಲ್ಲ. ಈ ಡೇರೆಯಿಂದ ಯಾರೂ ಹೆದರಿ ಹೊರಬಂದುದನ್ನು ನಾವು ಕಾಣೆವು. ಏಕೆಂದರೆ ಅಲ್ಲಿ ಕನ್ನಡಿಯೂ ಎದುರಿಗಿತ್ತು, ನಾವೂ ಎದುರಿಗಿದ್ದೆವು. ಒಂದು ಹೆಜ್ಜೆ ಮುಂದಿಟ್ಟರೆ ಹೊಟ್ಟೆ ಹಿಗ್ಗುತ್ತದೆ, ಹಿಂದಿಟ್ಟರೆ ಕುಗ್ಗುತ್ತದೆ ಎಂಬುದನ್ನು ನಾವೇ ಮಾಡಿ ನೋಡಬಹುದಾಗಿತ್ತು. ಕಾರಣವು ಕಾರ್ಯದ ಪಕ್ಕದಲ್ಲಿಯೇ ಇತ್ತು.

ಎರಡನೆಯ ಡೇರೆಯ ಕಥೆ ಬೇರೆ. ಅದರೊಳಗೆ ಒಂದು ಮೂಲೆಯಲ್ಲಿ ಮಾತನಾಡುವ ರುಂಡ, ಇನ್ನೊಂದು ಮೂಲೆಯಲ್ಲಿ ನಾಗಕನ್ಯೆ. ಮೂರು ಕಾಲಿನ ಮೇಜಿನ ಮೇಲೆ ತಟ್ಟೆ. ತಟ್ಟೆಯಲ್ಲಿ ಕುಂಕುಮವಿಟ್ಟ ಒಂದು ತಲೆ. ಮೇಜಿನ ಕೆಳಗೆ ಬರಿಯ ಬಯಲು. ತಲೆ ಕಣ್ಣು ಮಿಟುಕಿಸುತ್ತಿತ್ತು, ಕೇಳಿದ್ದಕ್ಕೆ ಉತ್ತರ ಹೇಳುತ್ತಿತ್ತು, ನಡುವೆ ಒಮ್ಮೆ ಸೀನಿದ್ದೂ ಉಂಟು. ನಾಗಕನ್ಯೆಗೆ ಕತ್ತಿನವರೆಗೆ ಹೆಣ್ಣಿನ ಮುಖ, ಅಲ್ಲಿಂದಾಚೆಗೆ ಸುರುಳಿ ಸುತ್ತಿದ ಹಾವಿನ ಮೈ. ಡೇರೆಯವನು ಬೆತ್ತ ತೋರಿಸುತ್ತ ಅವಳ ಪೂರ್ವವೃತ್ತಾಂತವನ್ನು ಹೇಳುತ್ತಿದ್ದನು: ತಂದೆ ಹಾವನ್ನು ಹೊಡೆದು ಕೊಂದ ಪಾಪಕ್ಕೆ ಮಗಳಿಗೆ ಈ ಗತಿ. ನಮ್ಮ ಸೀಮೆಯಲ್ಲಿ ತೋಟದ ಮೂಲೆಗೊಂದು ನಾಗನ ಬನವುಂಟು. ಆ ಮಾತು ಎಂಥವರ ಎದೆಯನ್ನು ಮುಟ್ಟುತ್ತಿತ್ತೆಂದು ಬೇರೆ ಹೇಳಬೇಕಾಗಿಲ್ಲ. ಹೆಂಗಸರು ಕೈಮುಗಿದು ತಟ್ಟೆಗೆ ಕಾಸು ಹಾಕಿ ಹೊರಬರುತ್ತಿದ್ದರು.

ನಮ್ಮ ಜೊತೆಗೆ ಬಂದಿದ್ದವರಲ್ಲಿ ನಮ್ಮ ಓರಗೆಯ ಹುಡುಗಿಯೊಬ್ಬಳಿದ್ದಳು. ಜಾತ್ರೆಗೆ ಕೆಲವು ದಿನ ಮೊದಲು ಅವಳ ತಂದೆ ಕೊಟ್ಟಿಗೆಯಲ್ಲಿ ಕರುವಿನ ಬಳಿ ಬಂದ ಹಾವೊಂದನ್ನು ಹೊಡೆದು ಹಾಕಿದ್ದರು. ಡೇರೆಯಿಂದ ಹೊರಬಂದವಳು ಮಂಡಕ್ಕಿಯನ್ನೂ ಮುಟ್ಟಲಿಲ್ಲ. ಮಲೆನಾಡಿನ ಪುಷ್ಯದ ಚಳಿಗೆ ಎಲ್ಲರ ಕಾಲಿನ ಚರ್ಮವೂ ಒಣಗಿ ಬಿರಿಯುತ್ತದೆ. ಅವಳಿಗೆ ಆ ಬಿರುಕುಗಳು ಹಾವಿನ ಪೊರೆಯಂತೆ ಕಂಡವು. ದಿನಕ್ಕೆ ಹತ್ತು ಸಲ ಲಂಗವನ್ನು ಮೊಣಕಾಲವರೆಗೆ ಎತ್ತಿ ನೋಡಿಕೊಳ್ಳುವಳು. ರಾತ್ರಿ ಕಂಬಳಿಯೊಳಗೆ ಕಾಲು ಚಾಚಿ ಮಲಗಲು ಒಲ್ಲಳು. ಮನೆಯಲ್ಲಿ ಗದರಿಸಿದರು, ಹರಕೆ ಹೊತ್ತರು, ತೆಂಗಿನೆಣ್ಣೆ ಹಚ್ಚಿದರು. ಎಣ್ಣೆಯಿಂದ ಒಂದಿಷ್ಟು ಪ್ರಯೋಜನವಾಯಿತು.

ಇಲ್ಲಿ ನಾವು ವಾಚಕರ ಗಮನಕ್ಕೆ ತರಬೇಕಾದ ಸಂಗತಿ ಒಂದಿದೆ. ಜಾತ್ರೆಯ ಮರುದಿನ ಬೆಳಿಗ್ಗೆ ನಾವು ನಾಲ್ಕಾರು ಹುಡುಗರು ತುಂಗೆಯ ಕಲ್ಲುಹಾಸಿನ ಮೇಲೆ ಆ ನಾಗಕನ್ಯೆಯನ್ನೇ ಕಂಡಿದ್ದೆವು. ಎರಡು ಕಾಲಿನ ಮೇಲೆ ನಿಂತು, ಸೀರೆ ಎತ್ತಿಕಟ್ಟಿ, ಬಟ್ಟೆ ಒಗೆಯುತ್ತಿದ್ದಳು. ಕತ್ತು ನೋಯುತ್ತಿತ್ತೆಂದು ತೋರುತ್ತದೆ. ನಡುನಡುವೆ ಕೈಯಿಂದ ಕತ್ತನ್ನು ಒತ್ತಿಕೊಳ್ಳುತ್ತಿದ್ದಳು. ನಾವು ಓಡಿಹೋಗಿ ಈ ಶುಭವಾರ್ತೆಯನ್ನು ಹುಡುಗಿಗೆ ತಿಳಿಸಿದೆವು. ಅವಳು ನಮ್ಮನ್ನು ಕನಿಕರದಿಂದ ನೋಡಿ, “ಹಗಲೊತ್ತು ಮನುಷ್ಯಳಾಗಿರ್ತಾಳೆ ಕಣ್ರೋ, ಕತ್ತಲಾದ ಮೇಲೇ ಹಾವಾಗೋದು” ಎಂದಳು. ನಮ್ಮಲ್ಲಿ ಯಾರ ಬಳಿಯೂ ಇದಕ್ಕೆ ಮರುಮಾತಿರಲಿಲ್ಲ. ಅಷ್ಟೇ ಅಲ್ಲ, ಆ ಸಂಜೆಯ ವೇಳೆಗೆ ನಮ್ಮಲ್ಲಿಯೇ ಇಬ್ಬರು ಅವಳ ಪಕ್ಷಕ್ಕೆ ಸೇರಿದ್ದರು.

ಮೌಢ್ಯವನ್ನು ಖಂಡಿಸುವವರು ಈ ಉತ್ತರವನ್ನು ಚೆನ್ನಾಗಿ ಮನನ ಮಾಡಬೇಕೆಂದು ನಮ್ಮ ಬಿನ್ನಹ. ‘ಅದು ಸುಳ್ಳು’ ಎಂದು ಹೇಳುವುದು ಸುಲಭ. ಸಾಕ್ಷಿಯನ್ನು ತಂದು ಮುಂದೆ ನಿಲ್ಲಿಸುವುದೂ ಕೆಲವೊಮ್ಮೆ ಸಾಧ್ಯ. ಆದರೆ ಕಣ್ಣಾರೆ ಕಂಡದ್ದನ್ನು ಸುಳ್ಳೆಂದು ನಂಬಬೇಕಾದರೆ, ಹಾಗಾದರೆ ತಾನು ಕಂಡದ್ದೇನು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಬೇಕು. ಆ ಹುಡುಗಿ ಹಾವಿನ ಮೈಯನ್ನು ಕಂಡಿದ್ದಳು. ಹೊಳೆಯಲ್ಲಿ ಬಟ್ಟೆ ಒಗೆದ ಹೆಂಗಸು ಅದನ್ನು ಅಳಿಸಲಾರಳು. ಪರದೆಯಲ್ಲಿ ಕತ್ತು ತೂರುವಷ್ಟು ಕಂಡಿಯಿದೆ, ಮೈಯೆಲ್ಲ ಪರದೆಯ ಹಿಂದಿದೆ, ಕತ್ತಿನ ಕೆಳಗೆ ಕಾಣುವುದು ಹತ್ತಿ ತುಂಬಿ ಬಣ್ಣ ಹಚ್ಚಿದ ಬಟ್ಟೆಯ ಕೊಳವೆ, ಕಂಡಿಯ ಅಂಚು ಕಾಣದಿರಲೆಂದೇ ದೀಪವನ್ನು ಅಷ್ಟು ಮಂದವಾಗಿಟ್ಟು ಕತ್ತಿಗೆ ಹೂವಿನ ಮಾಲೆ ಹಾಕಿದ್ದಾರೆ: ಇಷ್ಟನ್ನು ಒಬ್ಬರು ಒಂದು ಹಳೆಯ ಪಂಚೆಯನ್ನು ಹರಿದು ಮಾಡಿ ತೋರಿಸಿದ್ದರೆ ಅವಳು ಅಂದೇ ಕಾಲು ಚಾಚಿ ನಿದ್ದೆ ಮಾಡುತ್ತಿದ್ದಳು. ಹಾಗೆ ತೋರಿಸಬಲ್ಲವರು ಊರಿನಲ್ಲಿ ಇರಲಿಲ್ಲವೆಂದಲ್ಲ. ಅದು ತಮ್ಮ ಕೆಲಸವೆಂದು ಅವರಿಗೆ ತೋರಲಿಲ್ಲ.

ಜಾತ್ರೆಯ ಈ ಮಾಯೆಗಳು ಹುಟ್ಟಿದ್ದು ಎಲ್ಲಿಯೆಂದು ವಿಚಾರಿಸಿದರೆ ಆಶ್ಚರ್ಯವಾಗುತ್ತದೆ. ಅವುಗಳಲ್ಲಿ ಮುಖ್ಯವಾದ ಎರಡರ ವಂಶವೃಕ್ಷವು ಲಂಡನ್ನಿನ ಒಂದೇ ವಿಜ್ಞಾನ ಸಂಸ್ಥೆಗೆ ಮುಟ್ಟುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಯ ರಾಯಲ್ ಪಾಲಿಟೆಕ್ನಿಕ್ ಸಂಸ್ಥೆಯು ಸಾಮಾನ್ಯ ಜನರಿಗೆ ರಸಾಯನ, ವಿದ್ಯುತ್ತು, ಬೆಳಕು ಮೊದಲಾದುವನ್ನು ಪ್ರಯೋಗಗಳ ಮೂಲಕ ತೋರಿಸುತ್ತಿತ್ತು. ಅದರ ಮುಖ್ಯ ಉಪನ್ಯಾಸಕ ಜಾನ್ ಹೆನ್ರಿ ಪೆಪ್ಪರ್. ಹೆನ್ರಿ ಡರ್ಕ್ಸ್ ಎಂಬ ಇಂಜಿನಿಯರು ೧೮೫೮ರಲ್ಲಿ ಸೂಚಿಸಿದ್ದ ಒಂದು ಉಪಾಯವನ್ನು ಸುಲಭಗೊಳಿಸಿ, ಪೆಪ್ಪರನು ೧೮೬೨ರ ಡಿಸೆಂಬರ್ ೨೪ರಂದು ರಂಗದ ಮೇಲೆ ಒಂದು ಭೂತವನ್ನು ಬರಮಾಡಿದನು. ಅದು ನಟನ ಪಕ್ಕದಲ್ಲಿ ನಿಲ್ಲುತ್ತಿತ್ತು. ನಟನು ಕತ್ತಿ ಬೀಸಿದರೆ ಕತ್ತಿ ಅದರ ಮೈಯೊಳಗೆ ಹಾದುಹೋಗುತ್ತಿತ್ತು. ಆಮೇಲೆ ಗಾಳಿಯಲ್ಲಿ ಕರಗಿಹೋಗುತ್ತಿತ್ತು. ಆಟ ಮುಗಿದ ಮೇಲೆ ಗುಟ್ಟನ್ನು ವಿವರಿಸಬೇಕೆಂದು ಪೆಪ್ಪರನು ಮೊದಲು ಯೋಚಿಸಿದ್ದನು. ಸಭೆಯ ಉದ್ರೇಕವನ್ನು ಕಂಡು ಮನಸ್ಸು ಬದಲಾಯಿಸಿದನು. ವಿವರಣೆಯನ್ನು ನುಂಗಿಕೊಂಡು ಸನ್ನದು ಪಡೆಯಲು ಹೊರಟನು. ಹಣ ಬಂದಿತು, ಹೆಸರೂ ಬಂದಿತು. ಡರ್ಕ್ಸನ ಭೂತವು ಇಂದಿಗೂ ಪೆಪ್ಪರನ ಭೂತವೆಂದೇ ಪ್ರಸಿದ್ಧ. ಆದರೆ ಅಂದು ವಿಜ್ಞಾನ ಸಂಸ್ಥೆಯ ಬಾಗಿಲಿನಿಂದ ಮಾಯೆ ಮಾತ್ರ ಹೊರಬಿದ್ದಿತು, ಅದರ ಅರ್ಥ ಒಳಗೇ ಉಳಿಯಿತು. ನಮ್ಮ ಜಾತ್ರೆಗಳವರೆಗೆ ನಡೆದುಬಂದುದು ಈ ಅರ್ಧವೇ ಎಂದು ನಾವು ಹೇಳುತ್ತೇವೆ.

ಪೆಪ್ಪರನೇ ಬರೆದಿರುವ ಒಂದು ಪ್ರಸಂಗವುಂಟು. ಮಹಾವಿಜ್ಞಾನಿ ಮೈಕೆಲ್ ಫ್ಯಾರಡೆ ಈ ಭೂತವನ್ನು ನೋಡಲು ಬಂದನು. ರಂಗದ ಹಿಂದಕ್ಕೆ ಕರೆದೊಯ್ದು ತೋರಿಸಿದರೂ ತನಗೆ ಅರ್ಥವಾಗಲಿಲ್ಲವೆಂದು ಒಪ್ಪಿಕೊಂಡನಂತೆ. ಪೆಪ್ಪರನು ಅವನ ಕೈಯನ್ನು ಹಿಡಿದು ಅಲ್ಲಿದ್ದ ದೊಡ್ಡ ಗಾಜಿನ ಹಲಗೆಯ ಮೇಲೆ ಇರಿಸಿದನು. ಆ ಕ್ಷಣವೇ ಎಲ್ಲವೂ ತಿಳಿಯಿತು. ವಿದ್ಯುತ್ತಿನ ರಹಸ್ಯವನ್ನು ಬಿಡಿಸಿದವನಿಗೂ ಕಣ್ಣು ಸಾಲಲಿಲ್ಲ, ಕೈ ಬೇಕಾಯಿತು. ಎಂಟು ಹತ್ತು ವರ್ಷದ ಹುಡುಗಿ ಮೋಸಹೋದುದರಲ್ಲಿ ನಾಚಿಕೆಯೇನೂ ಇಲ್ಲ.

ಗುಟ್ಟು ಇಷ್ಟೆ. ರಂಗಕ್ಕೂ ಪ್ರೇಕ್ಷಕರಿಗೂ ನಡುವೆ ಶುಭ್ರವಾದ ಗಾಜನ್ನು ಓರೆಯಾಗಿ ನಿಲ್ಲಿಸಿರುತ್ತಾರೆ. ಭೂತದ ವೇಷಧಾರಿ ಪ್ರೇಕ್ಷಕರಿಗೆ ಕಾಣದ ತಗ್ಗಿನಲ್ಲಿರುತ್ತಾನೆ. ಅವನ ಮೇಲೆ ಪ್ರಖರವಾದ ಬೆಳಕು ಬಿದ್ದಾಗ ಅವನ ಬಿಂಬವು ಗಾಜಿನಲ್ಲಿ ಪ್ರತಿಫಲಿಸಿ, ಅವನು ಗಾಜಿನಿಂದ ಎಷ್ಟು ಮುಂದಿರುವನೋ ಅಷ್ಟೇ ಹಿಂದೆ ನಿಂತಂತೆ ಕಾಣುತ್ತದೆ. ಗಾಜು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಹತ್ತರಲ್ಲೊಂದು ಪಾಲನ್ನು ಮಾತ್ರ ಹಿಂದಿರುಗಿಸುವುದರಿಂದ ಭೂತವು ತೆಳ್ಳಗೆ, ಅರೆಪಾರದರ್ಶಕವಾಗಿರುತ್ತದೆ. ಸುತ್ತ ಕತ್ತಲೆ ಇಲ್ಲದಿದ್ದರೆ ಕಾಣುವುದೇ ಇಲ್ಲ. ಇದಕ್ಕಾಗಿ ಲಂಡನ್ನಿಗೆ ಹೋಗಬೇಕಾದುದಿಲ್ಲ. ರಾತ್ರಿಯ ಬಸ್ಸಿನಲ್ಲಿ ಬಟ್ಟೆಮಲ್ಲಪ್ಪದ ಮೇಲೆ ಸಾಗರದಿಂದ ಹೊಸನಗರಕ್ಕೆ ಹೋಗುವಾಗ ಕಿಟಕಿಯ ಗಾಜನ್ನು ನೋಡಿರಿ. ಒಳಗೆ ದೀಪವಿದ್ದು ಹೊರಗೆ ಕಾಡಿನ ಕತ್ತಲೆಯಿದ್ದರೆ, ನಿಮ್ಮ ಮುಖವೇ ಮರಗಳ ನಡುವೆ ತೇಲುತ್ತ ಬಸ್ಸಿನ ಜೊತೆಗೆ ಓಡಿಬರುತ್ತದೆ. ನಿರ್ವಾಹಕನು ದೀಪ ಆರಿಸಿದೊಡನೆ ಭೂತ ಮಾಯ.

ಮಾತನಾಡುವ ರುಂಡದ ಕರ್ತೃ ಥಾಮಸ್ ಟೋಬಿನ್. ಪೆಪ್ಪರನ ಜೊತೆಗೆ ಕೆಲಸ ಮಾಡಿದವನು. ಅದನ್ನು ‘ಸ್ಫಿಂಕ್ಸ್’ ಎಂಬ ಹೆಸರಿನಲ್ಲಿ ಸ್ಟೊಡೇರ್ ಎಂಬ ಜಾದೂಗಾರನು ಲಂಡನ್ನಿನ ಈಜಿಪ್ಷಿಯನ್ ಹಾಲಿನಲ್ಲಿ ೧೮೬೫ರ ಅಕ್ಟೋಬರಿನಲ್ಲಿ ಪ್ರದರ್ಶಿಸಿದನು. ಮೇಜಿನ ಕೆಳಗೆ ಬಯಲಿದೆ ಎಂದುಕೊಳ್ಳುತ್ತೇವಲ್ಲ, ಅಲ್ಲಿ ಬಯಲಿಲ್ಲ. ಮುಂದಿನ ಕಾಲಿನಿಂದ ಹಿಂದಿನ ಎರಡು ಕಾಲುಗಳಿಗೆ ಎರಡು ಕನ್ನಡಿಗಳು ಲಂಬಕೋನದಲ್ಲಿ ನಿಂತಿವೆ. ಅವು ಎಡಬಲದ ಪರದೆಗಳನ್ನು ಪ್ರತಿಫಲಿಸುತ್ತವೆ. ಹಿಂದಿನ ಪರದೆಗೂ ಪಕ್ಕದ ಪರದೆಗಳಿಗೂ ಒಂದೇ ಬಟ್ಟೆ, ಒಂದೇ ಬಣ್ಣ. ಆದುದರಿಂದ ನಾವು ಪಕ್ಕದ ಪರದೆಯನ್ನು ಕಂಡು ಹಿಂದಿನ ಪರದೆಯನ್ನು ಕಂಡೆವೆಂದು ಭಾವಿಸುತ್ತೇವೆ. ಕನ್ನಡಿಯ ಮರೆಯಲ್ಲಿ ಮೊಣಕಾಲೂರಿ ಕುಳಿತ ಮನುಷ್ಯನು ಹಲಗೆಯ ಕಂಡಿಯಲ್ಲಿ ತಲೆ ತೂರಿಸಿರುತ್ತಾನೆ. ಪ್ರೇಕ್ಷಕರನ್ನು ಹಗ್ಗ ಕಟ್ಟಿ ದೂರ ನಿಲ್ಲಿಸುವುದು ರುಂಡಕ್ಕೆ ಮೈಲಿಗೆಯಾದೀತೆಂದಲ್ಲ. ಯಾರಾದರೂ ಮೇಜಿನ ಪಕ್ಕಕ್ಕೆ ಬಂದರೆ ಅವರ ಕಾಲುಗಳು ಮೇಜಿನ ಕೆಳಗೆ ಪ್ರತ್ಯಕ್ಷವಾಗಿ ಗುಟ್ಟು ರಟ್ಟಾಗುತ್ತದೆ. ಪ್ಯಾರಿಸ್ಸಿನಲ್ಲಿ ಇದೇ ಬಗೆಯ ಪ್ರದರ್ಶನ ನಡೆದಾಗ ತುಂಟ ಪ್ರೇಕ್ಷಕರು ಮೇಜಿನ ಕೆಳಗಿನ ‘ಬಯಲಿಗೆ’ ಕಾಗದದ ಉಂಡೆಗಳನ್ನು ಎಸೆದರು. ಉಂಡೆಗಳು ಬಯಲಿಗೆ ಬಡಿದು ಹಿಂದಕ್ಕೆ ಪುಟಿದವು. ಆ ತುಂಟರ ಮೇಲೆ ನಮಗೆ ಬಹಳ ಗೌರವ. ಅವರು ಕೂಗಾಡಲಿಲ್ಲ, ಡೇರೆಗೆ ಬೆಂಕಿ ಹಚ್ಚಲಿಲ್ಲ. ಒಂದು ಪ್ರಯೋಗ ಮಾಡಿದರು.

ಹೀಗೆ ಗುಟ್ಟನ್ನೆಲ್ಲ ಬಯಲುಮಾಡಿದರೆ ಮಕ್ಕಳ ಸಂತೋಷ ಕೆಡುವುದಿಲ್ಲವೇ, ಡೇರೆಯವರ ಹೊಟ್ಟೆಯ ಮೇಲೆ ಹೊಡೆದಂತಾಗುವುದಿಲ್ಲವೇ ಎಂದು ಆಕ್ಷೇಪಿಸುವವರುಂಟು. ನಮ್ಮ ಸೀಮೆಯವರು ಈ ಆಕ್ಷೇಪವನ್ನು ಎತ್ತುವುದು ವಿಚಿತ್ರ. ಯಕ್ಷಗಾನದ ಬಣ್ಣದ ವೇಷವನ್ನು ನೋಡದವರು ಇಲ್ಲಿ ಯಾರಿದ್ದಾರೆ? ಸಂಜೆ ಚೌಕಿಗೆ ಇಣುಕಿ, ರಾಕ್ಷಸನಾಗುವವನು ಮುಖಕ್ಕೆ ಅಕ್ಕಿಹಿಟ್ಟಿನ ಚುಟ್ಟಿ ಇಡುವುದನ್ನೂ ನಡುವೆ ಚಹ ಕುಡಿಯುವುದನ್ನೂ ನಾವೆಲ್ಲ ಕಂಡವರೇ. ನಡುರಾತ್ರಿ ಅದೇ ಮನುಷ್ಯನು ತೆರೆಯ ಹಿಂದಿನಿಂದ ಅಬ್ಬರಿಸಿದಾಗ ತಾಯಿಯ ಸೆರಗಿನಲ್ಲಿ ಮುಖ ಹುದುಗಿಸಿದವರೂ ನಾವೇ. ಹೇಗೆಂದು ತಿಳಿದ ಮೇಲೂ ಭಯವಿತ್ತು, ರೋಮಾಂಚವಿತ್ತು. ಬೆಳಗಾದ ಮೇಲೆ ಉಳಿಯಲಿಲ್ಲ, ಅಷ್ಟೆ. ಕಾಲಿನ ಬಿರುಕನ್ನು ಪೊರೆಯೆಂದು ತಿಳಿಯುವ ಭಯವೇ ಬೇರೆ ಜಾತಿಯದು.

ತಿಳಿವಳಿಕೆಯಿಂದ ಕೆಡದ ಭ್ರಮೆಗಳು ಎಷ್ಟೋ ಇವೆ. ಇದಕ್ಕೆ ಒಳ್ಳೆಯ ಉದಾಹರಣೆ ಭೂತಬಂಗಲೆ. ನಮ್ಮ ಬಾಲ್ಯದಲ್ಲಿ ಇದು ಇನ್ನೂ ಬಡ ಸ್ಥಿತಿಯಲ್ಲಿತ್ತು: ಕಪ್ಪು ಬಟ್ಟೆಯ ಓಣಿ, ಮುಖಕ್ಕೆ ತಾಗುವ ಒದ್ದೆ ಹಗ್ಗ, ಕಾಲ ಕೆಳಗೆ ಹುಲ್ಲು ತುಂಬಿದ ಮೆತ್ತನೆಯ ಚೀಲ, ಕೊನೆಯಲ್ಲಿ ತಗಡಿನ ಡಬ್ಬಿ ಬಡಿಯುವ ಒಬ್ಬ ಹುಡುಗ. ಈಗಿನ ಜಾತ್ರೆಗಳಲ್ಲಿ ಅದಕ್ಕೆ ವಿದ್ಯುದ್ದೀಪ, ಯಂತ್ರದ ಪ್ರೇತ, ಧ್ವನಿಮುದ್ರಿತ ಆರ್ಭಟ ಎಲ್ಲವೂ ಬಂದಿವೆ. ಪಶ್ಚಿಮ ದೇಶಗಳಲ್ಲಿ ಜನರನ್ನು ಪುಟ್ಟ ಬಂಡಿಯಲ್ಲಿ ಕೂರಿಸಿ ಕತ್ತಲೆಯ ಮನೆಯೊಳಗೆ ಹಳಿಯ ಮೇಲೆ ಸುತ್ತಿಸುವ ಏರ್ಪಾಡು ೧೯೨೦ರ ದಶಕದ ಕೊನೆಗೆ ಬಳಕೆಗೆ ಬಂದಿತು. ಇಂಗ್ಲೆಂಡಿನ ಬ್ಲ್ಯಾಕ್‌ಪೂಲಿನ ಭೂತದ ರೈಲು ೧೯೩೦ರದು. ೧೯೬೯ರಲ್ಲಿ ಅಮೆರಿಕದ ಡಿಸ್ನಿಲ್ಯಾಂಡಿನಲ್ಲಿ ತೆರೆದ ಭೂತದ ಮಹಲಿನಲ್ಲಿ ಕುಣಿಯುವ ಪ್ರೇತಗಳು ಪೆಪ್ಪರನ ಗಾಜಿನ ಪ್ರೇತಗಳೇ.

ಇಂಥ ಮನೆ ಹೊರಗಿನಿಂದ ಪುಟ್ಟದು, ಒಳಗೆ ಹೋದವರಿಗೆ ಮುಗಿಯದಷ್ಟು ಉದ್ದ. ಏಕೆ? ದೇಹವು ತಾನೆಲ್ಲಿದ್ದೇನೆಂದು ತಿಳಿಯುವುದು ಮುಖ್ಯವಾಗಿ ಮೂರು ಸಾಕ್ಷಿಗಳಿಂದ: ಕಣ್ಣು, ಪಾದ ಹಾಗೂ ಸ್ನಾಯುಗಳ ಸ್ಪರ್ಶ, ಒಳಕಿವಿಯಲ್ಲಿರುವ ಅರ್ಧವೃತ್ತಾಕಾರದ ನಾಳಗಳು. ಹೊರಗಿನ ಬೆಳಕಿನಿಂದ ಕತ್ತಲೆಗೆ ನುಗ್ಗಿದಾಗ ಕಣ್ಣು ಮೊದಲು ಕೈಕೊಡುತ್ತದೆ. ಅಕ್ಷಿಪಟಲದ ಶಂಕುಕೋಶಗಳು ಕತ್ತಲೆಗೆ ಹೊಂದಿಕೊಳ್ಳಲು ಸುಮಾರು ೧೦ ನಿಮಿಷ ಬೇಕು. ಮಂದಬೆಳಕಿನಲ್ಲಿ ನೋಡುವ ದಂಡಕೋಶಗಳು, ಬೆಳಕಿಗೆ ಕರಗಿಹೋದ ತಮ್ಮ ಬಣ್ಣದ್ರವ್ಯವನ್ನು ಮತ್ತೆ ಕೂಡಿಸಿಕೊಳ್ಳಲು ಅರ್ಧ ಗಂಟೆಯನ್ನೇ ತೆಗೆದುಕೊಳ್ಳುತ್ತವೆ. ಭೂತಬಂಗಲೆಯ ಯಾತ್ರೆ ಮೂರು ನಾಲ್ಕು ನಿಮಿಷಗಳಲ್ಲಿ ಮುಗಿಯುತ್ತದೆ. ನಡುವೆ ಒಮ್ಮೆ ಮಿಂಚಿನಂತೆ ದೀಪ ಹೊತ್ತಿಸಿ ಆರಿಸಿದರೆ, ಕೂಡಿಸಿಕೊಂಡ ಅಲ್ಪಸ್ವಲ್ಪವೂ ನಷ್ಟ. ಇನ್ನು ಒಳಕಿವಿ. ಅದು ತಿರುಗುವಿಕೆಯಲ್ಲಿ ಆಗುವ ಬದಲಾವಣೆಯನ್ನು ಮಾತ್ರ ಅರಿಯಬಲ್ಲದು. ಒಂದೇ ವೇಗದಲ್ಲಿ ತಿರುಗುತ್ತಲೇ ಇದ್ದರೆ ೩೦ ಸೆಕೆಂಡಿನ ಆಸುಪಾಸಿನಲ್ಲಿ ಆ ಅರಿವು ಮಾಸಿಹೋಗುತ್ತದೆ, ನಿಂತೊಡನೆ ಹಿಮ್ಮುಖವಾಗಿ ತಿರುಗಿದಂತೆ ಅನಿಸುತ್ತದೆ. ಕಣ್ಣಿನ ಸಾಕ್ಷಿಯೂ ಇಲ್ಲ, ಕಿವಿಯ ಸಾಕ್ಷಿಯೂ ಸಂದೇಹಾಸ್ಪದ. ಎರಡು ಅಂಕಣದಷ್ಟು ಜಾಗದಲ್ಲಿ ಅಂಕುಡೊಂಕಾಗಿ ಸುತ್ತಿಸಿದರೂ ಮನಸ್ಸು ಅದನ್ನು ಹರದಾರಿಯೆಂದು ಲೆಕ್ಕಹಾಕುತ್ತದೆ. ಇಷ್ಟನ್ನೂ ಓದಿಕೊಂಡು ಒಳಗೆ ಹೋದ ಶರೀರಶಾಸ್ತ್ರದ ಅಧ್ಯಾಪಕರೂ ಹಗ್ಗ ಮುಖಕ್ಕೆ ತಾಗಿದಾಗ ಕೂಗಿಕೊಳ್ಳುತ್ತಾರೆ. ಆದುದರಿಂದ ಡೇರೆಯವರು ನಿಶ್ಚಿಂತೆಯಿಂದಿರಬಹುದು.

ಅವರ ಹೊಟ್ಟೆಯ ಪ್ರಶ್ನೆ ಸಣ್ಣದೇನಲ್ಲ. ಊರೂರು ಅಲೆದು ದಿನಕ್ಕೆ ಅನೇಕ ತಾಸು ಕಂಡಿಯಲ್ಲಿ ಕತ್ತು ತೂರಿಸಿ ಕುಳಿತಿರುವ ಹೆಂಗಸಿನ ಶ್ರಮಕ್ಕೆ ನಮ್ಮ ಕಾಸು ಸಲ್ಲಬೇಕು. ಆದರೆ ಅದು ವೇಷಧಾರಿಣಿಯ ಚಾತುರ್ಯಕ್ಕೆಂದು ಸಲ್ಲಲಿ, ಶಾಪಗ್ರಸ್ತೆಯ ಮೇಲಿನ ಭಯಕ್ಕೆಂದಲ್ಲ. ಡೇರೆಯ ಕಥೆಯಲ್ಲಿ ನಾವು ತೆಗೆದುಹಾಕಬೇಕೆನ್ನುವುದು ಒಂದೇ ಒಂದು ವಾಕ್ಯವನ್ನು: ತಂದೆ ಹಾವು ಹೊಡೆದದ್ದಕ್ಕೆ ಮಗಳಿಗೆ ಹೀಗಾಯಿತು ಎಂಬುದನ್ನು. ಬೇಕಾದರೆ ಪಾತಾಳದಿಂದ ಬಂದವಳೆನ್ನಲಿ, ಚಂದ್ರಲೋಕದವಳೆನ್ನಲಿ. ಕೇಳುವ ಮಗು ತನ್ನ ಕಾಲನ್ನು ನೋಡಿಕೊಳ್ಳುವಂತೆ ಮಾಡಬಾರದು. ಜಾತ್ರೆಯ ಸಮಿತಿಯವರು ಜಾಗ ಹರಾಜು ಹಾಕುವಾಗಲೇ ಈ ಷರತ್ತನ್ನು ಹಾಕಬಹುದು. ಇದಕ್ಕೆ ಕಾನೂನು ಬೇಕಾಗಿಲ್ಲ.

ಆದರೆ ನಮ್ಮ ಹೆಚ್ಚಿನ ಅಸಮಾಧಾನವಿರುವುದು ಡೇರೆಯವರ ಮೇಲಲ್ಲ, ಶಾಲೆಯ ಮೇಲೆ. ನಾವು ಪ್ರೌಢಶಾಲೆಯಲ್ಲಿದ್ದಾಗ, ಜಾತ್ರೆ ನಡೆಯುತ್ತಿದ್ದ ವಾರದಲ್ಲಿಯೇ, ಪತನಕೋನವು ಪ್ರತಿಫಲನಕೋನಕ್ಕೆ ಸಮವೆಂದು ಕಪ್ಪುಹಲಗೆಯ ಮೇಲೆ ಗೆರೆ ಎಳೆದು ಕಲಿಸಿದರು. ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದುನಿಂತು, “ಸಾರ್, ಹಾಗಾದರೆ ಜಾತ್ರೆಯ ರುಂಡ?” ಎಂದು ಕೇಳಿದನು. ಅದು ಪಠ್ಯದಲ್ಲಿಲ್ಲವೆಂಬ ಉತ್ತರ ಬಂದಿತು. ಜಾತ್ರೆಗೆ ಹೋದದ್ದಕ್ಕೆ ಅವನಿಗೆ ಬೆಂಚಿನ ಮೇಲೆ ನಿಲ್ಲುವ ಶಿಕ್ಷೆಯೂ ಆಯಿತು. ಆ ಹುಡುಗನು ಕೇಳಿದ್ದು ಆ ವರ್ಷ ಆ ಕೊಠಡಿಯಲ್ಲಿ ಕೇಳಿಬಂದ ಅತ್ಯುತ್ತಮ ಭೌತಶಾಸ್ತ್ರದ ಪ್ರಶ್ನೆಯೆಂದು ನಾವು ಇಂದಿಗೂ ನಂಬಿದ್ದೇವೆ. ಬೆಂಚಿನ ಮೇಲೆ ನಿಂತವನು ಕನ್ನಡಿಯ ನಿಯಮವನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ತೇರ್ಗಡೆಯಾದನು. ರುಂಡಕ್ಕೂ ಅದಕ್ಕೂ ಸಂಬಂಧವುಂಟೆಂದು ಅವನಿಗೆ ಯಾರೂ ಹೇಳಲಿಲ್ಲ.

೧೯೬೨ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಆರಂಭಿಸಿದ ಡಾ. ಎಚ್. ನರಸಿಂಹಯ್ಯನವರು ಭೌತಶಾಸ್ತ್ರದ ಅಧ್ಯಾಪಕರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, ೧೯೭೬ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿಯನ್ನು ರಚಿಸಿದರು. ಅದರಿಂದ ನಾಡಿನಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಪ್ರಶ್ನೆ ಕೇಳುವ ಧೈರ್ಯವನ್ನು ಅವರು ಕಲಿಸಿದರು. ಅದರ ಬೆಲೆಯನ್ನು ಕಡಿಮೆಯೆಂದು ನಾವು ಹೇಳುವುದಿಲ್ಲ. ಆದರೆ ಸಮಿತಿಗಳು ಹಳ್ಳಿಹಳ್ಳಿಗೆ ಬರಲಾರವು. ಶಾಲೆಗಳು ಅಲ್ಲಿ ಆಗಲೇ ಇವೆ. ಜಾತ್ರೆಯ ವಾರದಲ್ಲಿ ಅಧ್ಯಾಪಕರು ಮಕ್ಕಳನ್ನು ಡೇರೆಗೆ ಹೋಗಬೇಡಿರೆಂದು ತಡೆಯುವ ಬದಲು, ಹೋಗಿಬನ್ನಿ, ಹಗ್ಗವನ್ನು ಎಲ್ಲಿ ಕಟ್ಟಿದ್ದಾರೆ, ದೀಪವನ್ನು ಎಲ್ಲಿ ಇಟ್ಟಿದ್ದಾರೆ, ಪಕ್ಕದ ಪರದೆಯ ಬಣ್ಣ ಯಾವುದು ಎಂಬ ಮೂರನ್ನು ಮಾತ್ರ ಬರೆದು ತನ್ನಿ ಎಂದು ಕಳುಹಿಸಲಿ. ಮುಂದಿನ ವಾರ ಅದೇ ಮೇಜನ್ನು ತರಗತಿಯಲ್ಲಿ ಕಟ್ಟಲಿ.

ವಿದ್ಯಾರ್ಥಿ ಮಿತ್ರರು ಅಧ್ಯಾಪಕರಿಗಾಗಿ ಕಾಯಬೇಕಾದುದೂ ಇಲ್ಲ. ೩೦ ಸೆಂಟಿಮೀಟರು ಅಗಲದ ಒಂದು ರಟ್ಟಿನ ಪೆಟ್ಟಿಗೆಯನ್ನು ತೆಗೆದುಕೊಂಡು, ಮುಂದಿನ ಬದಿಯನ್ನು ಕತ್ತರಿಸಿ ತೆಗೆಯಿರಿ. ಉಳಿದ ಮೂರು ಗೋಡೆಗಳಿಗೆ ಒಂದೇ ಬಗೆಯ ಕಾಗದವನ್ನು ಅಂಟಿಸಿರಿ. ಒಂದೇ ಅಳತೆಯ ಎರಡು ಸಣ್ಣ ಕನ್ನಡಿಗಳನ್ನು ಅಂಚಿಗೆ ಅಂಚು ಕೂಡಿಸಿ, ಲಂಬಕೋನವಾಗುವಂತೆ, ಕೂಡಿದ ಅಂಚು ನಿಮ್ಮ ಕಡೆಗೆ ಬರುವಂತೆ, ಪೆಟ್ಟಿಗೆಯ ನಡುವೆ ನಿಲ್ಲಿಸಿರಿ. ಆ ಅಂಚಿನಿಂದ ಹಿಂದಿನ ಗೋಡೆಗಿರುವ ದೂರವು ಪೆಟ್ಟಿಗೆಯ ಅಗಲದ ಅರ್ಧಕ್ಕೆ, ಎಂದರೆ ೧೫ ಸೆಂಟಿಮೀಟರಿಗೆ, ಸರಿಯಾಗಿರಬೇಕು. ಹಾಗಿದ್ದರೆ ಮಾತ್ರ ಕನ್ನಡಿಯಲ್ಲಿ ಕಾಣುವ ಪಕ್ಕದ ಗೋಡೆಯು ಹಿಂದಿನ ಗೋಡೆಯಷ್ಟೇ ದೂರದಲ್ಲಿ ಕಾಣುತ್ತದೆ. ಕನ್ನಡಿಗಳ ಮೇಲೆ ರಟ್ಟಿನ ಹಲಗೆ, ಹಲಗೆಯಲ್ಲಿ ತೂತು, ತೂತಿನಿಂದ ಮೇಲೆ ಒಂದು ಗೊಂಬೆಯ ತಲೆ. ನೋಡುವವರು ಒಂದು ಕಣ್ಣು ಮುಚ್ಚಿ ನೇರ ಮುಂದಿನಿಂದ ನೋಡಲಿ. ಕನ್ನಡಿಯ ಬುಡದ ಗೆರೆ ಕಂಡುಬಿಡುತ್ತದೆ. ಅಲ್ಲಿ ಒಂದು ಹಿಡಿ ಭತ್ತದ ಹುಲ್ಲನ್ನು ಸಣ್ಣಗೆ ಕತ್ತರಿಸಿ ಹರಡಿರಿ. ಜಾತ್ರೆಯ ಡೇರೆಯಲ್ಲಿ ಮೇಜಿನ ಸುತ್ತ ಹುಲ್ಲು ಚೆಲ್ಲಿರುವುದೂ ಇದಕ್ಕೇ.